ಬೆಳ್ಳಿ ಬೆಟ್ಟದ ದಾರಿಯಲ್ಲಿ ನಡೆದವರು

ರಿಯಾಲ್ ಎಂಬ ಪದ ನಮ್ಮ ಕರಾವಳಿಯ ಮನೆಗಳಿಗೆ ಹೊಸದಲ್ಲ. ಮಗ ಸೌದಿಯಲ್ಲಿ, ಅಳಿಯ ಒಮಾನಿನಲ್ಲಿ ಇರುವ ಕುಟುಂಬಗಳಲ್ಲಿ ಓದುಬರಹ ತಿಳಿಯದ ಅಜ್ಜಿಗೂ ಒಂದು ರಿಯಾಲಿಗೆ ಎಷ್ಟು ರೂಪಾಯಿ ಎಂಬುದು ಬಾಯಿಪಾಠ. ಅರಬ್ ನಾಡುಗಳ ಹಣವಾದ್ದರಿಂದ ಅದು ಅರಬಿ ಪದವೇ ಇರಬೇಕೆಂದು ನಾವು ನಂಬಿಕೊಂಡಿರುತ್ತೇವೆ. ವಾಸ್ತವದಲ್ಲಿ ಅದು ಸ್ಪೇನಿನ ಪದ. 'ರೆಯಾಲ್' ಎಂದರೆ ಅರಸನಿಗೆ ಸೇರಿದ್ದು ಎಂದರ್ಥ. ಸ್ಪೇನಿನ ಅರಸರು ಅಚ್ಚುಹಾಕಿಸಿದ ಬೆಳ್ಳಿ ನಾಣ್ಯದ ಈ ಹೆಸರು ವ್ಯಾಪಾರಿಗಳ ಕೈಯಿಂದ ಕೈಗೆ ದಾಟುತ್ತಾ ಅರಬ್ ನಾಡುಗಳನ್ನೂ ಇರಾನನ್ನೂ ತಲುಪಿ ಅಲ್ಲಿಯೇ ನೆಲೆಯೂರಿತು. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಆ ನಾಣ್ಯಗಳಿಗೆ ಬೇಕಾದ ಬೆಳ್ಳಿಯ ದೊಡ್ಡ ಪಾಲು ಬಂದದ್ದು ಒಂದೇ ಬೆಟ್ಟದಿಂದ. ಆ ಬೆಟ್ಟ ಇರುವುದು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ.

ಸ್ಪೇನಿನವರು ಅದಕ್ಕೆ ಇಟ್ಟ ಹೆಸರು ಸೆರ್ರೊ ರಿಕೊ, ಅಂದರೆ ಸಿರಿಬೆಟ್ಟ. ಅಲ್ಲಿನ ಮೂಲನಿವಾಸಿಗಳ ಕ್ವೆಚುವಾ ನುಡಿಯಲ್ಲಿ ಅದು ಸುಮಾಕ್ ಉರ್ಕು, ಚೆಲುವಾದ ಬೆಟ್ಟ. ಒಬ್ಬರಿಗೆ ಕಂಡದ್ದು ಸಿರಿ, ಇನ್ನೊಬ್ಬರಿಗೆ ಕಂಡದ್ದು ಚೆಲುವು. ಆಂಡಿಸ್ ಪರ್ವತ ಸಾಲಿನಲ್ಲಿರುವ ಈ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 4,800 ಮೀಟರ್ ಎತ್ತರದಲ್ಲಿದೆ. ಬುಡದಲ್ಲಿರುವ ಪೊಟೊಸಿ ನಗರವೇ 4,000 ಮೀಟರಿಗಿಂತ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಆ ನಗರದ ಬೀದಿ ಎಟುಕುವುದಿಲ್ಲ. ನಾಲ್ಕು ಹೆಜ್ಜೆ ಬೇಗ ನಡೆದರೆ ಹೊಸಬರಿಗೆ ಉಸಿರು ಕಟ್ಟುತ್ತದೆ.

ಈ ಬೆಟ್ಟದ ಗಣಿಗಳಿಗೆ ಇಂದು ಪ್ರವಾಸಿಗರು ಮಾರ್ಗದರ್ಶಿಗಳ ಹಿಂದೆ ನಡೆದು ಹೋಗುತ್ತಾರೆ. ಮಾರ್ಗದರ್ಶಿಗಳಲ್ಲಿ ಹಲವರು ಒಂದು ಕಾಲದಲ್ಲಿ ಇದೇ ಸುರಂಗಗಳಲ್ಲಿ ದುಡಿದವರು. ನಡಿಗೆ ಶುರುವಾಗುವುದು ಗಣಿ ಕಾರ್ಮಿಕರ ಸಂತೆಯಿಂದ. ಕೋಕಾ ಎಲೆ, ತಂಪು ಪಾನೀಯ, ಕೈಗವಸು, ಸಿಡಿಮದ್ದಿನ ಕಡ್ಡಿ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ಮಾರಾಟಕ್ಕಿರುತ್ತವೆ. ಒಳಗೆ ದುಡಿಯುವವರಿಗೆ ಕೊಡಲೆಂದು ಇವುಗಳಲ್ಲಿ ಒಂದಿಷ್ಟನ್ನು ಕೊಂಡೊಯ್ಯುವುದು ವಾಡಿಕೆ. ಆಮೇಲೆ ರಬ್ಬರ್ ಬೂಟು, ಹೆಲ್ಮೆಟ್, ಹಣೆಯ ಮೇಲೊಂದು ದೀಪ. ಸುರಂಗದೊಳಗೆ ಬೆನ್ನು ಬಗ್ಗಿಸಿ, ಕೆಲವು ಕಡೆ ಮೊಣಕಾಲೂರಿ ತೆವಳಿ ಸಾಗಬೇಕು. ಹಳಿಯ ಮೇಲೆ ಅದಿರಿನ ಗಾಡಿ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಎರಡು ಗಂಟೆಯ ನಂತರ ಹೊರಗೆ ಬಂದು ಎಲ್ಲರೂ ಬಿಸಿಲಿಗೆ ಮುಖವೊಡ್ಡುತ್ತಾರೆ.

ಇತಿಹಾಸವನ್ನು ನಡೆದು ನೋಡುವುದು ಒಳ್ಳೆಯ ಅಭ್ಯಾಸವೇ. ಆದರೆ ಈ ದಾರಿಯಲ್ಲಿ ಮೊದಲು ನಡೆದವರು ಯಾರು? ಅವರ ಕಥೆಯನ್ನು ಈಗ ಹೇಗೆ ಹೇಳಲಾಗುತ್ತಿದೆ? ಈ ಎರಡು ಪ್ರಶ್ನೆಗಳನ್ನು ಕೇಳದೆ ಬೆಟ್ಟ ಹತ್ತಿ ಇಳಿದರೆ ಅದು ಬರೀ ಕಾಲಿನ ದಣಿವಾಗುತ್ತದೆ.

ಸರದಿಯ ನಡಿಗೆ

1545ರಲ್ಲಿ ದಿಯೆಗೊ ಹುವಾಲ್ಪಾ ಎಂಬ ಮೂಲನಿವಾಸಿ ಈ ಬೆಟ್ಟದಲ್ಲಿ ಬೆಳ್ಳಿಯ ಅದಿರನ್ನು ಕಂಡ ಎಂಬುದು ದಾಖಲಾಗಿರುವ ಕಥೆ. ಸಿರಿ ಮಾತ್ರ ಸ್ಪೇನಿನವರದಾಯಿತು. ವಿಚಿತ್ರವೆಂದರೆ, ಮೊದಲ ಎರಡೂವರೆ ದಶಕಗಳಲ್ಲಿ ಅದಿರನ್ನು ಕರಗಿಸುವ ವಿದ್ಯೆ ಸ್ಪೇನಿನವರ ಕೈಯಲ್ಲಿರಲಿಲ್ಲ. ಮೂಲನಿವಾಸಿಗಳು ಬೆಟ್ಟದ ಇಳಿಜಾರಿನಲ್ಲಿ ಗಾಳಿಗೆ ಮುಖಮಾಡಿ ಸಣ್ಣ ಕುಲುಮೆಗಳನ್ನು ಇಡುತ್ತಿದ್ದರು. ಅವಕ್ಕೆ ಗುವಾಯ್ರಾ ಎಂದು ಹೆಸರು. ಕ್ವೆಚುವಾದಲ್ಲಿ ಆ ಪದಕ್ಕೆ ಗಾಳಿ ಎಂದರ್ಥ. ರಾತ್ರಿ ಹೊತ್ತು ಸಾವಿರಾರು ಕುಲುಮೆಗಳು ಬೆಟ್ಟದ ತುಂಬಾ ಮಿನುಗುತ್ತಿದ್ದವು. ಗಣಿ ಶುರುವಾಗಿ ಐದೇ ವರ್ಷಕ್ಕೆ, 1550ರಲ್ಲಿ, ದೊಮಿಂಗೊ ದೆ ಸಾಂತೊ ತೋಮಾಸ್ ಎಂಬ ಕ್ರೈಸ್ತ ಸನ್ಯಾಸಿ ಸ್ಪೇನಿಗೆ ಪತ್ರ ಬರೆದು, ಈ ಬೆಟ್ಟ ಜನರನ್ನು ನುಂಗುವ ನರಕದ ಬಾಯಿ ಎಂದು ದೂರಿದ. ಕ್ವೆಚುವಾ ಭಾಷೆಗೆ ಮೊದಲ ವ್ಯಾಕರಣವನ್ನು ಬರೆದು 1560ರಲ್ಲಿ ಅಚ್ಚುಹಾಕಿಸಿದವನೂ ಇವನೇ. ಜನರ ಭಾಷೆ ಕಲಿತವನಿಗೆ ಅವರ ನೋವು ಮೊದಲು ಕೇಳಿಸಿತು.

ಮೇಲ್ಮೈಯ ಒಳ್ಳೆಯ ಅದಿರು ಮುಗಿಯುತ್ತಾ ಬಂದಾಗ ಗಣಿ ಆಳಕ್ಕಿಳಿಯಿತು. ಆಳಕ್ಕಿಳಿಯಲು ಆಳುಗಳು ಬೇಕಾದರು. 1570ರ ದಶಕದ ಆರಂಭದಲ್ಲಿ ಪೆರು ಪ್ರಾಂತದ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 'ಮಿತಾ' ಎಂಬ ಪದ್ಧತಿಯನ್ನು ಗಟ್ಟಿಯಾಗಿ ಕಟ್ಟಿದ. ಮಿತಾ ಎಂದರೆ ಸರದಿ. ಇಂಕಾ ಅರಸರ ಕಾಲದಲ್ಲೂ ಊರಿನವರು ಸರದಿಯ ಮೇಲೆ ರಾಜ್ಯಕ್ಕಾಗಿ ದುಡಿಯುತ್ತಿದ್ದರು. ತೊಲೆದೊ ಹಳೆಯ ಹೆಸರನ್ನು ಉಳಿಸಿಕೊಂಡು ಅದರೊಳಗಿನ ಹೂರಣವನ್ನು ಬದಲಿಸಿದ. ಹದಿನಾರು ಪ್ರಾಂತಗಳಿಂದ ವಯಸ್ಕ ಗಂಡಸರಲ್ಲಿ ಹೆಚ್ಚುಕಡಿಮೆ ಏಳರಲ್ಲಿ ಒಬ್ಬರಂತೆ, ವರ್ಷಕ್ಕೆ ಸುಮಾರು 13,500 ಮಂದಿ ಪೊಟೊಸಿಗೆ ಬರಬೇಕೆಂದು ನಿಗದಿಯಾಯಿತು. ಕೂಲಿ ಇತ್ತು, ಆದರೆ ಅದು ಸ್ವಂತ ಇಚ್ಛೆಯಿಂದ ಬಂದವರ ಕೂಲಿಗಿಂತ ಬಹಳ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಎಂದೂ ಉರ್ದುವಿನಲ್ಲಿ ಬೇಗಾರ್ ಎಂದೂ ಕರೆಯುವ ಬಲವಂತದ ದುಡಿಮೆಗೆ ಇದು ಹತ್ತಿರದ ನೆಂಟ.

ಹೀಗೆ ಬಂದವರು ನಡೆದೇ ಬಂದರು. ಟಿಟಿಕಾಕಾ ಸರೋವರದ ದಡದ ಚುಕುಯಿಟೊ ಪ್ರಾಂತದವರಿಗೆ ಇದು ಎರಡು ತಿಂಗಳ ದಾರಿ. ಗಂಡಸೊಬ್ಬನೇ ಹೊರಡುತ್ತಿರಲಿಲ್ಲ. ಹೆಂಡತಿ, ಮಕ್ಕಳು, ಬಟ್ಟೆಬರೆ, ತಿಂಗಳುಗಟ್ಟಲೆಯ ದವಸ, ಅದನ್ನು ಹೊರಲು ಲಾಮಾ ಎಂಬ ಸಾಕುಪ್ರಾಣಿಗಳು, ಹೀಗೆ ಊರಿಗೆ ಊರೇ ಗುಳೆ ಎದ್ದಂತೆ ಸಾಲು ಹೊರಡುತ್ತಿತ್ತು. ವರ್ಷ ಮುಗಿದ ಮೇಲೂ ಎಲ್ಲರೂ ಮರಳುತ್ತಿರಲಿಲ್ಲ. ಸತ್ತವರು ಕೆಲವರು. ಮರಳಿದರೆ ಮತ್ತೆ ಸರದಿ ಬರುತ್ತದೆಂದು ಬೇರೆ ಊರು ಸೇರಿ ಹೆಸರು ಮರೆಸಿಕೊಂಡವರು ಬಹಳ ಮಂದಿ. ಹುಟ್ಟಿದೂರು ಬಿಟ್ಟು ಪರಸ್ಥಳದವನಾದರೆ ಮಿತಾದಿಂದ ತಪ್ಪಿಸಿಕೊಳ್ಳಬಹುದಿತ್ತು. ಗಣಿ ಬೇಡವೆಂದು ನೆಲವನ್ನೇ ಬಿಟ್ಟುಕೊಟ್ಟ ಜನ ಇವರು.

ಗಣಿಯೊಳಗಿನ ಕೆಲಸ ಹೇಗಿತ್ತು ಎಂಬುದನ್ನು ಹೊಸೆ ದೆ ಅಕೋಸ್ತಾ ಎಂಬ ಪಾದ್ರಿ 1590ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ತಿರುಚಿದ ತೊಗಲಿನ ಮಿಣಿಗಳಿಗೆ ಅಡ್ಡಕಟ್ಟಿಗೆ ಕಟ್ಟಿದ ಏಣಿಗಳು. ಒಂದು ಮಗ್ಗುಲಲ್ಲಿ ಹತ್ತುವವರು, ಇನ್ನೊಂದು ಮಗ್ಗುಲಲ್ಲಿ ಇಳಿಯುವವರು. ಬಟ್ಟೆಯೊಳಗೆ ಅದಿರು ತುಂಬಿ, ಅದನ್ನು ಎದೆಯ ಮೇಲೆ ಗಂಟುಹಾಕಿ ಬೆನ್ನ ಮೇಲೆ ಹೊತ್ತು ಮೂವರು ಮೂವರಾಗಿ ಏರುತ್ತಿದ್ದರು. ಮುಂದಿನವನ ಹೆಬ್ಬೆರಳಿಗೆ ಮೇಣದ ಬತ್ತಿ ಕಟ್ಟಿರುತ್ತಿತ್ತು. ಅದೇ ಬೆಳಕಿನಲ್ಲಿ ಮೂವರೂ ಏರಬೇಕು. ಕೆಳಗಿನ ಸೆಕೆಯಿಂದ ಬೆವರಿ ಬಂದವರಿಗೆ ಹೊರಗೆ ಬೆಟ್ಟದ ಕೊರೆವ ಚಳಿ ಕಾದಿರುತ್ತಿತ್ತು.

ಮಅದನ್ ಮತ್ತು ಅಲ್ಮಾದೆನ್

ಕಳಪೆ ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸ ಬೇಕು. ಅದಿರನ್ನು ನೀರಿನ ಗಿರಣಿಗಳಲ್ಲಿ ಕುಟ್ಟಿ ಪುಡಿಮಾಡಿ, ಉಪ್ಪು ಮತ್ತು ಪಾದರಸ ಬೆರೆಸಿ, ಕಾಲಿನಿಂದ ತುಳಿಯುತ್ತಿದ್ದರು. ಪಾದರಸ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ತೊಳೆದು, ಹಿಂಡಿ, ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಬೆಳ್ಳಿ ಉಳಿಯುತ್ತದೆ. ಆವಿ ಎಲ್ಲಿ ಹೋಯಿತು? ದುಡಿಯುವವರ ಎದೆಗೂಡಿಗೆ. ಗಿರಣಿಗಳಿಗೆ ನೀರು ಒದಗಿಸಲು ಬೆಟ್ಟಗಳ ನಡುವೆ ಕೆರೆಗಳನ್ನು ಕಟ್ಟಲಾಯಿತು. 1626ರ ಮಾರ್ಚ್‌ನಲ್ಲಿ ಅವುಗಳಲ್ಲೊಂದರ ಕಟ್ಟೆ ಒಡೆದು ನಗರಕ್ಕೆ ನುಗ್ಗಿದಾಗ ಗಿರಣಿಗಳ ಜೊತೆ ಅಸಂಖ್ಯ ಜೀವಗಳೂ ಕೊಚ್ಚಿಹೋದವು.

ಪೊಟೊಸಿಗೆ ಪಾದರಸ ಮುಖ್ಯವಾಗಿ ಪೆರುವಿನ ಹುವಾಂಕಾವೆಲಿಕಾ ಬೆಟ್ಟದಿಂದ ಬರುತ್ತಿತ್ತು. ಅಲ್ಲಿ ಕೊರತೆಯಾದಾಗ ಸಾಗರದಾಚೆಯ ಸ್ಪೇನಿನ ಅಲ್ಮಾದೆನ್ ಗಣಿಯಿಂದಲೂ ತರಿಸಲಾಗುತ್ತಿತ್ತು. ಮೆಕ್ಸಿಕೊದ ಬೆಳ್ಳಿ ಗಣಿಗಳಂತೂ ಬಹುಮಟ್ಟಿಗೆ ಅಲ್ಮಾದೆನ್ನನ್ನೇ ನೆಚ್ಚಿಕೊಂಡಿದ್ದವು. ಉರ್ದು ಶಾಲೆಯ ಬೆಂಚಿನ ಮೇಲೆ ಕುಳಿತು ಬಂದ ನಮ್ಮಂಥವರಿಗೆ ಈ ಹೆಸರು ಕೇಳಿದ ಕೂಡಲೇ ಕಿವಿ ನಿಮಿರುತ್ತದೆ. ಮಅದನ್ ಎಂದರೆ ಗಣಿ. ಖನಿಜಗಳಿಗೆ ಮಅದನಿಯಾತ್ ಎಂದು ನಮ್ಮ ಉರ್ದು ಪಾಠಗಳಲ್ಲಿ ಓದಿದ್ದೇವೆ. ಅಲ್ಮಾದೆನ್ ಎಂಬುದು 'ಅಲ್ ಮಅದಿನ್' ಅಷ್ಟೇ. ಮುಸ್ಲಿಮರು ಆಳಿದ ಸ್ಪೇನಿನಲ್ಲಿ ಇಟ್ಟ ಹೆಸರು. ಪಾದರಸಕ್ಕೆ ಸ್ಪೇನಿನವರು ಹೇಳುವ 'ಅಸೋಗೆ' ಕೂಡ ಅರಬಿ ಮೂಲದ್ದೇ. ಆಳ್ವಿಕೆ ಹೋಯಿತು, ಪದಗಳು ಉಳಿದವು.

ಇದನ್ನು ಕೇಳಿ ಹೆಮ್ಮೆಪಡುವುದು ಸುಲಭ. ಆದರೆ ಅಲ್ಮಾದೆನ್‌ನ ಮುಂದಿನ ಪುಟವನ್ನೂ ಓದಬೇಕು. ಹದಿನಾರನೇ ಶತಮಾನದಲ್ಲಿ ಈ ಗಣಿ ಫುಗ್ಗರ್ ಎಂಬ ಜರ್ಮನ್ ಸಾಹುಕಾರರ ಗುತ್ತಿಗೆಯಲ್ಲಿತ್ತು. ಕೂಲಿಗೆ ಜನ ಸಾಲದಾದಾಗ ಅರಸ ಶಿಕ್ಷೆಗೊಳಗಾದ ಕೈದಿಗಳನ್ನು ಕೊಟ್ಟ. ಅವರ ಜೊತೆ ಗುಲಾಮರೂ ದುಡಿದರು. ಇವರಲ್ಲಿ ಬಲವಂತದ ಮತಾಂತರಕ್ಕೊಳಗಾದ ಮೊರಿಸ್ಕೊ ಜನರಿದ್ದರು, ಉತ್ತರ ಆಫ್ರಿಕಾದಿಂದ ಹಿಡಿದು ತಂದ ಮುಸ್ಲಿಮರಿದ್ದರು. 1593ರಲ್ಲಿ ಮತೆಯೊ ಅಲೆಮಾನ್ ಎಂಬ ಅಧಿಕಾರಿ ಅಲ್ಲಿಗೆ ಹೋಗಿ ಕೈದಿಗಳ ಹೇಳಿಕೆಗಳನ್ನು ಬರೆದುಕೊಂಡ. ಪಾದರಸದ ವಿಷದಿಂದ ಮೈ ನಡುಗುವವರು, ಬುದ್ಧಿ ಕೆಟ್ಟವರು ಆ ವರದಿಯಲ್ಲಿದ್ದಾರೆ. ಈತನೇ ಮುಂದೆ ಸ್ಪೇನಿನ ಹೆಸರಾಂತ ಕಾದಂಬರಿಕಾರನಾದ. ಯಾರ ಪೂರ್ವಜರ ನುಡಿ ಆ ಗಣಿಗೆ ಹೆಸರಾಯಿತೋ ಅವರ ಮೊಮ್ಮಕ್ಕಳು ಸಂಕೋಲೆ ತೊಟ್ಟು ಅದರೊಳಗೆ ಇಳಿದರು. ಆಂಡಿಸ್‌ನ ಮೂಲನಿವಾಸಿಗೂ ಸ್ಪೇನಿನ ಮೊರಿಸ್ಕೊಗೂ ಒಬ್ಬರ ಹೆಸರು ಒಬ್ಬರಿಗೆ ತಿಳಿದಿರಲಿಲ್ಲ. ಇಬ್ಬರ ಬೆವರೂ ಒಂದೇ ಅರಸನ ಖಜಾನೆ ಸೇರಿತು.

ಬೆಳ್ಳಿ ನಡೆದ ದಾರಿ

ಪೊಟೊಸಿಯಿಂದ ಬೆಳ್ಳಿ ಲಾಮಾಗಳ ಬೆನ್ನೇರಿ ಅರಿಕಾ ಬಂದರಿಗೆ ಇಳಿಯಿತು. ಅಲ್ಲಿಂದ ಹಡಗಿನಲ್ಲಿ ಪನಾಮಾ, ಹೇಸರಗತ್ತೆಗಳ ಮೇಲೆ ಭೂಸಂಧಿ ದಾಟಿ ಮತ್ತೆ ಹಡಗು, ಕೊನೆಗೆ ಸ್ಪೇನಿನ ಸೆವಿಲ್. ಐದರಲ್ಲಿ ಒಂದು ಪಾಲು ಅರಸನ ತೆರಿಗೆ. ಆದರೆ ಬೆಳ್ಳಿ ಸ್ಪೇನಿನಲ್ಲಿ ನಿಲ್ಲಲಿಲ್ಲ. ಸಾಲಗಾರರ ಮೂಲಕ, ವ್ಯಾಪಾರಿಗಳ ಮೂಲಕ ಪೂರ್ವಕ್ಕೆ ಹರಿಯಿತು. ಲಿಸ್ಬನ್‌ನಿಂದ ಗೋವೆಗೆ ಬರುತ್ತಿದ್ದ ಹಡಗುಗಳಲ್ಲಿ ಕರಿಮೆಣಸು ಕೊಳ್ಳಲೆಂದು ರೆಯಾಲ್ ನಾಣ್ಯಗಳ ಪೆಟ್ಟಿಗೆಗಳಿರುತ್ತಿದ್ದವು. ಹೊನ್ನಾವರ, ಬಸ್ರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ ಕೂತಿದ್ದ ಕಾಲ ಅದು. ನಮ್ಮ ಘಟ್ಟದ ಮೆಣಸಿಗೂ ಆಂಡಿಸ್‌ನ ಬೆಳ್ಳಿಗೂ ನಂಟು ಬೆಳೆದದ್ದು ಹೀಗೆ.

ಉತ್ತರದಲ್ಲಿ ಇನ್ನೂ ದೊಡ್ಡ ವ್ಯವಹಾರ. ನಾವಿಂದು ರೂಪಾಯಿ ಎಂದು ಕರೆಯುವ ಬೆಳ್ಳಿ ನಾಣ್ಯಕ್ಕೆ ತೂಕ ಮತ್ತು ಗುಣವನ್ನು ಗೊತ್ತುಪಡಿಸಿದವನು ಶೇರ್ ಶಾ. ಅವನು ಕಾಲಿಂಜರ್ ಕೋಟೆಯ ಮುತ್ತಿಗೆಯಲ್ಲಿ ತೀರಿಕೊಂಡದ್ದು 1545ರಲ್ಲಿ, ಪೊಟೊಸಿಯ ಬೆಳ್ಳಿ ಕಂಡ ವರ್ಷವೇ. ಮೊಗಲರು ಅವನ ರೂಪಾಯಿಯನ್ನು ಮುಂದುವರಿಸಿದರು. ನಮ್ಮ ನೆಲದಲ್ಲಿ ಬೆಳ್ಳಿಯ ಅದಿರು ಕಡಿಮೆ. ಹೊರಗಿನಿಂದ ಬಂದ ನಾಣ್ಯಗಳನ್ನು ಸೂರತ್‌ನಂಥ ಊರುಗಳ ಟಂಕಸಾಲೆಯಲ್ಲಿ ಕರಗಿಸಿ, ಬಾದಶಹನ ಹೆಸರು ಒತ್ತಿ ರೂಪಾಯಿ ಮಾಡಲಾಗುತ್ತಿತ್ತು. ಹತ್ತಿಬಟ್ಟೆ, ನೀಲಿ ಕೊಟ್ಟು ಪಡೆದ ಬೆಳ್ಳಿ ಅದು. ಇಸ್ತಾಂಬುಲ್‌ನಲ್ಲೂ ಈ ಬೆಟ್ಟದ ಸುದ್ದಿ ಇತ್ತು. ಹೊಸ ಜಗತ್ತಿನ ಬಗ್ಗೆ 1580ರ ಸುಮಾರಿಗೆ ತುರ್ಕಿ ಭಾಷೆಯಲ್ಲಿ ರಚಿತವಾದ 'ತಾರೀಖೆ ಹಿಂದೆ ಗರ್ಬಿ' ಎಂಬ ಕೃತಿಯ ಹಸ್ತಪ್ರತಿಯಲ್ಲಿ ಪೊಟೊಸಿ ಬೆಟ್ಟದ ಚಿತ್ರವೂ ಇದೆ.

ಕರಗಿದ ಬೆಳ್ಳಿಗೆ ಹಳೆಯ ನೆನಪಿರುವುದಿಲ್ಲ. ಬಾದಶಹನ ಹೆಸರು ಹೊತ್ತ ನಾಣ್ಯವನ್ನು ಕೈಯಲ್ಲಿ ಹಿಡಿದವನಿಗೆ ಚುಕುಯಿಟೊದಿಂದ ಎರಡು ತಿಂಗಳು ನಡೆದವನ ಹೆಸರು ಹೇಗೆ ತಿಳಿಯಬೇಕು? ಆದ್ದರಿಂದಲೇ ಪೊಟೊಸಿಯ ಕಥೆಯನ್ನು 'ಯೂರೋಪಿನವರು ಮಾಡಿದ ಅನ್ಯಾಯ' ಎಂದು ದೂರ ನಿಂತು ಹೇಳುವಂತಿಲ್ಲ. ದೆಹಲಿಯ ದರ್ಬಾರು, ಇಸ್ತಾಂಬುಲ್‌ನ ಅರಮನೆ, ಚೀನಾದ ತೆರಿಗೆ ಖಜಾನೆ ಎಲ್ಲವೂ ಆ ಬೆಳ್ಳಿಯಿಂದ ಬೆಳಗಿದಂಥವೇ.

ಎಂಬತ್ತು ಲಕ್ಷದ ಲೆಕ್ಕ

ಬೆಟ್ಟ ಹತ್ತುವ ಪ್ರವಾಸಿಗರಿಗೆ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಈ ಗಣಿಗಳಲ್ಲಿ ಎಂಬತ್ತು ಲಕ್ಷ ಜನ ಸತ್ತರು. ಉರುಗ್ವೆಯ ಲೇಖಕ ಎಡುವಾರ್ಡೊ ಗಲಿಯಾನೊ 1971ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಅಂಕಿ ಜಗತ್ತಿನ ತುಂಬಾ ಹರಡಿತು. ಆದರೆ ಲೆಕ್ಕ ಹಾಕಿ ನೋಡೋಣ. ತೊಲೆದೊ ನಿಗದಿಪಡಿಸಿದ 13,500 ಜನ ಪ್ರತಿವರ್ಷ ತಪ್ಪದೆ ಬಂದರು ಎಂದುಕೊಂಡರೂ 1812ರಲ್ಲಿ ಸ್ಪೇನಿನ ಸಂಸತ್ತು ಮಿತಾವನ್ನು ರದ್ದುಗೊಳಿಸುವವರೆಗಿನ 240 ವರ್ಷಗಳಲ್ಲಿ ಅದು 32 ಲಕ್ಷ ಸರದಿಗಳಾಗುತ್ತದೆ. ಒಬ್ಬನೇ ಹಲವು ಸಲ ಬಂದದ್ದುಂಟು, ಬರುವವರ ಸಂಖ್ಯೆ ದಶಕದಿಂದ ದಶಕಕ್ಕೆ ಇಳಿದದ್ದೂ ಉಂಟು. ಬಂದವರೆಲ್ಲ ಸತ್ತರು ಎಂದರೂ ಎಂಬತ್ತು ಲಕ್ಷ ಆಗುವುದಿಲ್ಲ.

ಹೀಗೆ ಹೇಳಿದರೆ ಅನ್ಯಾಯವನ್ನು ಸಣ್ಣದು ಮಾಡಿದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆ ಅನಿಸುವುದಿಲ್ಲ. ಅನ್ಯಾಯವನ್ನು ಸಾಬೀತುಪಡಿಸಲು ಉಬ್ಬಿಸಿದ ಅಂಕಿ ಬೇಡ. ಸುಳ್ಳು ಲೆಕ್ಕವನ್ನು ನಾಳೆ ಯಾರಾದರೂ ಎತ್ತಿ ತೋರಿಸಿದರೆ ನಿಜವಾದ ನೋವೂ ಅದರ ಜೊತೆ ಅನುಮಾನಕ್ಕೆ ಗುರಿಯಾಗುತ್ತದೆ. ಇನ್ನೊಂದು ನಷ್ಟವೂ ಇದೆ. ಎಂಬತ್ತು ಲಕ್ಷ ಎಂದಾಗ ಎಲ್ಲರೂ ಬರೀ ಹೆಣಗಳಾಗಿಬಿಡುತ್ತಾರೆ. ಬದುಕಲು ಅವರು ಹೂಡಿದ ಉಪಾಯಗಳು, ಪಟ್ಟ ಪಾಡು, ತೋರಿದ ಪ್ರತಿಭಟನೆ ಕಾಣೆಯಾಗುತ್ತವೆ.

ಇತಿಹಾಸಕಾರ ಪೀಟರ್ ಬೇಕ್‌ವೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನೇಳನೇ ಶತಮಾನದ ಆರಂಭದ ಹೊತ್ತಿಗೇ ಗಣಿಗಳಲ್ಲಿ ಮಿತಾದವರಿಗಿಂತ 'ಮಿಂಗಾ' ಎಂಬ ಕೂಲಿಯಾಳುಗಳು ಹೆಚ್ಚಾಗಿದ್ದರೆಂದು ತೋರಿಸಿದರು. ಆಳು ಕಳಿಸಲಾಗದ ಊರಿನ ಮುಖಂಡ ಬದಲಿಗೆ ಹಣ ತೆರಬೇಕಿತ್ತು. ಕೆಲವು ಗಣಿ ಮಾಲೀಕರು ಆ ಹಣದಲ್ಲಿ ಆಳು ಹಿಡಿಯದೆ ಸುಮ್ಮನೆ ಇಟ್ಟುಕೊಂಡರು. ಇಂಥ ಆಳುಗಳಿಗೆ 'ಜೇಬಿನೊಳಗಿನ ಇಂಡಿಯನ್ನರು' ಎಂಬ ಹೆಸರೇ ಬಿತ್ತು. ಮನುಷ್ಯ ಬಾರದೆಯೂ ಅವನಿಂದ ಲಾಭ ಬರುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ 'ಕಾಕ್ಚಾ' ಎಂಬವರು ಶನಿವಾರ ಸಂಜೆ ಮಾಲೀಕರ ಕೆಲಸ ನಿಂತೊಡನೆ ಗಣಿಯೊಳಗೆ ಹೊಕ್ಕು, ಸೋಮವಾರ ಬೆಳಗಿನವರೆಗೆ ತಮಗಾಗಿ ಅದಿರು ತೆಗೆಯುತ್ತಿದ್ದರು. ಮಾಲೀಕರು ಅದನ್ನು ಕಳವು ಎಂದರು. ಇವರು ಹಕ್ಕು ಎಂದರು. ವಾರದಲ್ಲಿ ಒಂದೂವರೆ ದಿನ ಚೆಲುವಾದ ಬೆಟ್ಟ ಅದರ ಮಕ್ಕಳದಾಗುತ್ತಿತ್ತು.

ಅರಸೊತ್ತಿಗೆಯ ನ್ಯಾಯ ಹೇಗಿತ್ತು ಎಂಬುದಕ್ಕೆ ಒಂದು ಪ್ರಸಂಗ ಸಾಕು. 1640ರ ದಶಕದಲ್ಲಿ ಪೊಟೊಸಿಯ ಟಂಕಸಾಲೆಯಲ್ಲಿ ಬೆಳ್ಳಿಗೆ ತಾಮ್ರ ಬೆರೆಸಿ ನಾಣ್ಯ ಹೊಡೆದ ಹಗರಣ ಹೊರಬಿತ್ತು. ಅರಸ ತನಿಖೆಗೆ ಅಧಿಕಾರಿಯನ್ನು ಕಳಿಸಿದ. ಗೋಮೆಸ್ ದೆ ಲಾ ರೋಚಾ ಎಂಬ ಭಾರಿ ಸಿರಿವಂತನಿಗೆ 1650ರಲ್ಲಿ ಮರಣದಂಡನೆಯಾಯಿತು. ಬೆಳ್ಳಿಯ ಕಲಬೆರಕೆಗೆ ತಲೆದಂಡ ತೆರಬೇಕಾಯಿತು. ಗಣಿಯಲ್ಲಿ ಕರಗಿದ ಆಯುಷ್ಯಕ್ಕೆ ಅಂಥ ಬೆಲೆಯನ್ನು ಯಾರೂ ಕಟ್ಟಲಿಲ್ಲ.

ಈಗಲೂ ಮುಚ್ಚದ ಗಣಿ

1825ರ ಅಕ್ಟೋಬರ್‌ನಲ್ಲಿ ಸಿಮೋನ್ ಬೊಲಿವಾರ್ ಈ ಬೆಟ್ಟದ ತುದಿ ಹತ್ತಿ ಸ್ವಾತಂತ್ರ್ಯದ ಬಾವುಟ ಹಾರಿಸಿದ. ಆದರೆ ಗಣಿ ನಿಲ್ಲಲಿಲ್ಲ. ಬೆಳ್ಳಿ ಕಡಿಮೆಯಾದಾಗ ತವರದ ಕಾಲ ಬಂತು. 1952ರ ಕ್ರಾಂತಿಯ ನಂತರ ದೊಡ್ಡ ಗಣಿಗಳು ಸರಕಾರದ ವಶವಾದವು. 1985ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ತವರದ ಬೆಲೆ ಕುಸಿದು, ಸರಕಾರ ಸಾವಿರಾರು ಕಾರ್ಮಿಕರನ್ನು ಮನೆಗೆ ಕಳಿಸಿತು. ಅವರಲ್ಲಿ ಕೆಲವರು ಸಹಕಾರ ಸಂಘ ಕಟ್ಟಿಕೊಂಡು ಮತ್ತೆ ಅದೇ ಬೆಟ್ಟದೊಳಗೆ ಹೊಕ್ಕರು. ಪ್ರವಾಸಿಗರನ್ನು ಕರೆದೊಯ್ಯುವ ಕಸುಬು ಬೆಳೆದದ್ದು ಈ ಕಷ್ಟಕಾಲದ ನಂತರ. ಸಂಘ ಎಂಬ ಹೆಸರಿದ್ದರೂ ಒಳಗೆ ಎಲ್ಲರೂ ಸಮಾನರಲ್ಲ. ಸದಸ್ಯರು ಬೇರೆ, ಅವರ ಕೈಕೆಳಗೆ ದಿನಗೂಲಿಗೆ ದುಡಿಯುವವರು ಬೇರೆ. ಹದಿಹರೆಯದ ಹುಡುಗರೂ ಅಲ್ಲಿ ದುಡಿದಿದ್ದಾರೆ. ಧೂಳು ಕುಡಿದ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ರೋಗ ಗಣಿಗಾರನ ಆಯುಷ್ಯವನ್ನು ನಡುವಯಸ್ಸಿನಲ್ಲೇ ಕತ್ತರಿಸುತ್ತದೆ.

ಸುರಂಗದೊಳಗೆ ಕೊಂಬಿರುವ ಮಣ್ಣಿನ ಮೂರ್ತಿಯೊಂದನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ಅದರ ಹೆಸರು 'ತಿಯೊ', ಸ್ಪ್ಯಾನಿಷ್‌ನಲ್ಲಿ ಮಾಮ, ಚಿಕ್ಕಪ್ಪ ಎಂದರ್ಥ. ಬೆಟ್ಟದ ಹೊರಗೆ ಶಿಲುಬೆಯ ದೇವರು, ಒಳಗೆ ಈ ಮಾಮ. ಅವನ ಬಾಯಿಗೆ ಸಿಗರೇಟು, ಕೈಗೆ ಕೋಕಾ ಎಲೆ ಇಟ್ಟು ಅಪಾಯವಾಗದಂತೆ ಬೇಡಿಕೊಳ್ಳುತ್ತಾರೆ. ಪ್ರವಾಸಿಗರು ಫೋಟೋ ತೆಗೆದು ನಗುವುದುಂಟು. ಮೇಲಿನ ಬಂಡೆ ಯಾವಾಗ ಕಳಚುತ್ತದೋ ತಿಳಿಯದ ಜಾಗದಲ್ಲಿ ದಿನವೂ ದುಡಿಯುವವನ ಭಯ ನಗುವ ಸಂಗತಿಯಲ್ಲ. ಐನೂರು ವರ್ಷ ಹತ್ತಿರವಾಗುತ್ತಿರುವ ಅಗೆತದಿಂದ ಬೆಟ್ಟ ಒಳಗೆ ಜೇನುಗೂಡಿನಂತೆ ಟೊಳ್ಳಾಗಿದೆ. 2011ರಲ್ಲಿ ತುದಿಯ ಬಳಿಯೇ ನೆಲ ಕುಸಿಯಿತು. 1987ರಲ್ಲಿ ಪೊಟೊಸಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ 2014ರಲ್ಲಿ ಅದನ್ನು ಅಪಾಯದಲ್ಲಿರುವ ತಾಣ ಎಂದು ಘೋಷಿಸಿತು.

ಅಲ್ಮಾದೆನ್‌ನಲ್ಲಿಯೂ ಇಂದು ಮಾರ್ಗದರ್ಶಿಯ ಜೊತೆ ಗಣಿಗಿಳಿದು ನಡೆಯಬಹುದು. ಆ ಗಣಿ ಈ ಶತಮಾನದ ಆರಂಭದಲ್ಲಿ ಕೆಲಸ ನಿಲ್ಲಿಸಿತು. 2012ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೈದಿಗಳನ್ನು ಸೆರೆಮನೆಯಿಂದ ನೇರ ಗಣಿಗೆ ಒಯ್ಯುತ್ತಿದ್ದ ಸುರಂಗವನ್ನು ಅಲ್ಲಿ ತೋರಿಸಲಾಗುತ್ತದೆ. ಅಲ್ಲಿ ನೋವು ಮುಗಿದಿದೆ, ನೆನಪು ಉಳಿದಿದೆ. ಪೊಟೊಸಿಯಲ್ಲಿ ನೋವು ಇನ್ನೂ ಪಾಳಿಯ ಮೇಲೆ ದುಡಿಯುತ್ತಿದೆ. ಹಾಗಾದರೆ ದುಡಿಯುವವನನ್ನು ಹಣ ಕೊಟ್ಟು ನೋಡಲು ಹೋಗುವುದು ಸರಿಯೇ? ಬೇಡವೇ ಬೇಡ ಎಂದರೆ ಹಳೆಯ ಗಣಿಗಾರನ ಅನ್ನದ ದಾರಿ ಮುಚ್ಚುತ್ತದೆ, ಗಣಿಯ ಬಾಗಿಲೂ ಜಗತ್ತಿನ ಕಣ್ಣಿಗೆ ಮುಚ್ಚುತ್ತದೆ. ಹೋಗುವವರು ತಮಾಷೆ ನೋಡಲು ಹೋಗದೆ, ಲೆಕ್ಕ ಕೇಳಲು ಹೋಗಬೇಕು. ಮಾರ್ಗದರ್ಶಿಯ ಕೂಲಿ ಎಷ್ಟು, ಒಳಗಿನವನ ಕೂಲಿ ಎಷ್ಟು, ಟಿಕೆಟ್ಟಿನ ಹಣದಲ್ಲಿ ಅವನಿಗೆ ಎಷ್ಟು ಸೇರುತ್ತದೆ ಎಂದು ಕೇಳುವ ಪ್ರವಾಸಿ ಇತಿಹಾಸದ ವಿದ್ಯಾರ್ಥಿಯಾಗುತ್ತಾನೆ.

ಬೆಟ್ಟದ ಇಳಿಜಾರಿನಲ್ಲಿ ಹಳೆಯ ಕಸಕಲ್ಲಿನ ರಾಶಿಗಳಿವೆ. ಅಲ್ಲಿ 'ಪಲ್ಯಿರಿ' ಎಂಬ ಹೆಂಗಸರು ಸುತ್ತಿಗೆ ಹಿಡಿದು ಕೂತು, ಶತಮಾನಗಳ ಹಿಂದಿನವರು ಬಿಸಾಡಿದ ಕಲ್ಲುಗಳನ್ನು ಒಡೆದು ಉಳಿದಷ್ಟು ಅದಿರನ್ನು ಆರಿಸುತ್ತಾರೆ. ಗಣಿಯಲ್ಲಿ ಗಂಡನನ್ನು ಕಳೆದುಕೊಂಡವರು ಅವರಲ್ಲಿ ಬಹಳ. ಪ್ರವಾಸಿಗರ ಸಾಲು ಸಾಮಾನ್ಯವಾಗಿ ಅವರನ್ನು ದಾಟಿ ಸುರಂಗದ ಬಾಯಿಗೆ ಹೋಗುತ್ತದೆ. ನಮಗನಿಸುವಂತೆ ಈ ನಡಿಗೆಯಲ್ಲಿ ಮೊದಲು ನಿಲ್ಲಬೇಕಾದ ಜಾಗ ಅದೇ. ಬೆಳ್ಳಿ ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಪುಸ್ತಕಗಳು ಹೇಳುತ್ತವೆ. ಬೆಳ್ಳಿ ಹೋದ ಮೇಲೆ ಬೆಟ್ಟದಲ್ಲಿ ಉಳಿದದ್ದು ಏನು ಎಂಬುದನ್ನು ಆ ಹೆಂಗಸರ ಕೈಗಳು ಹೇಳುತ್ತವೆ.